ಏಕಾದಶಿಯ ಕಣ್ಣುಗಳು

ಡಮ್ ಡಮ್‌ನಲ್ಲಿ ಮೆಟ್ರೋ ಹತ್ತಿ ಕೂತ ಮೇಲೂ ಮುರಾರಿಯ ಕೈ ಜೇಬಿನೊಳಗೆ ಬೀಗದ ಕೀಲಿಯನ್ನು ಹುಡುಕುತ್ತಿತ್ತು. ಮನೆಯಲ್ಲಿ ಚಿಕ್ಕಮ್ಮನ ಮಗಳು ಶ್ರಾವ್ಯ ಇದ್ದಳು, ಬೀಗ ಹಾಕುವ ಪ್ರಶ್ನೆಯೇ ಇರಲಿಲ್ಲ. ಅದು ಗೊತ್ತಿದ್ದೂ ಬೆರಳುಗಳು ಹುಡುಕಿದವು, ಕೀಲಿ ಸಿಗದೆ ಎದೆ ಒಮ್ಮೆ ಧಸಕ್ಕೆಂದಿತು, ಆಮೇಲೆ ಅವಳು ಬಾಗಿಲಲ್ಲಿ ನಿಂತು ಫೋನಿನಿಂದ ತಲೆಯೆತ್ತದೆ 'ಟಾಟಾ ಅಮ್ಮ' ಅಂದದ್ದು ನೆನಪಾಗಿ ಎದೆ ತನ್ನ ಜಾಗಕ್ಕೆ ಮರಳಿತು. ಹೀಗೆ ಆಗುವುದು ಅವನಿಗೆ ಹೊಸದಲ್ಲ. ಗ್ಯಾಸ್, ಬೀಗ, ಲ್ಯಾಬಿನ ಫ್ರಿಜ್ಜು, ಮೆಷಿನ್ನಿನ ಮೇಲೆ ಹೊದಿಸುವ ಬಟ್ಟೆ, ಎಲ್ಲವನ್ನೂ ಅವನು ನೋಡಿ ಬಂದಿರುತ್ತಾನೆ, ಮತ್ತೆ ಹೋಗಿ ನೋಡುತ್ತಾನೆ, ಎರಡನೆಯ ಸಲ ನೋಡಿದ್ದೇ ಮೊದಲನೆಯ ಸಲದ ನೋಟವನ್ನು ಸುಳ್ಳು ಮಾಡಿದ ಹಾಗೆ ಅನಿಸಿ ಇನ್ನೊಮ್ಮೆ ನೋಡುತ್ತಾನೆ. ಪಕ್ಕದಲ್ಲಿ ವನಮಾಲಾ ಚಿಕ್ಕಮ್ಮ ಸೆರಗನ್ನು ಬೆನ್ನು ಸುತ್ತಿ ಎಳೆದುಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎದುರಿನ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ಬಲಗಣ್ಣನ್ನು ಆಗಾಗ ಮುಚ್ಚಿ ತೆರೆದು ಮಾಡುತ್ತಿದ್ದಳು, ಯಾರೂ ನೋಡುತ್ತಿಲ್ಲ ಅಂದುಕೊಂಡು.

ಕೆಲವು ದಿನಗಳಿಂದ ಬೆಳಿಗ್ಗೆ ಎದ್ದಾಗ ಆ ಕಣ್ಣಿನಲ್ಲಿ ಹೊಗೆ ಕಟ್ಟಿದ ಹಾಗೆ ಆಗುತ್ತಿತ್ತಂತೆ. ಮುಖ ತೊಳೆದು, ದೇವರ ದೀಪ ಹಚ್ಚಿ, ಒಲೆಯ ಮುಂದೆ ನಿಲ್ಲುವ ಹೊತ್ತಿಗೆ ಹೋಗುತ್ತಿತ್ತಂತೆ. ಒಗ್ಗರಣೆಯ ಹೊಗೆಯೇ ಇರಬೇಕು ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಒಂದು ಮದುವೆಯ ಅಡುಗೆಗೆ ಹೋದಲ್ಲಿ ಹೊಗೆ ಇಲ್ಲದ ಕಡೆ, ಎಲೆಗಳ ಸಾಲಿನ ಮುಂದೆ, ಊಟಕ್ಕೆ ಕೂತವರ ಮುಖಗಳ ಮೇಲರ್ಧ ಮಾಸಿಹೋಗಿ ಬರೀ ಅಗಿಯುವ ಬಾಯಿಗಳು ಕಂಡವಂತೆ. ಅದನ್ನು ಹೇಳುವಾಗ ಅವಳು ನಕ್ಕಿದ್ದಳು. ಮುರಾರಿ ನಕ್ಕಿರಲಿಲ್ಲ. ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಕಣ್ಣಿನ ಒಳಪದರದ ರಕ್ತನಾಳಗಳ ಮೇಲೆ ಸಂಶೋಧನೆ ನಡೆಯುವ ಒಂದು ಲ್ಯಾಬಿನಲ್ಲಿ ಅವನು ಕಣ್ಣುಗಳ ಚಿತ್ರ ತೆಗೆಯುವವನು. ಬೆಳಿಗ್ಗೆ ಬಂದು ಹೋಗುವ ಹೊಗೆ ಎಂದರೆ ಏನಿರಬಹುದು ಎಂದು ಅವನಿಗೆ ಗೊತ್ತಿತ್ತು. ಕಣ್ಣಿನಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ನಾಳ ಒಂದು ಕಡೆ ಕಟ್ಟಿಕೊಳ್ಳುವ ಮೊದಲು ಹೀಗೆ ಮುನ್ಸೂಚನೆ ಕೊಡುವುದುಂಟು. ಆಗ ಹಿಡಿದರೆ ಉಳಿಸಿಕೊಳ್ಳುವ ದಾರಿಗಳಿವೆ. ಕಟ್ಟಿದ ಮೇಲೆ ಸೂಜಿ, ಮತ್ತೆ ಸೂಜಿ, ಉಳಿದಷ್ಟು ಉಳಿಯಿತು. ಆದರೆ ತನಗೆ ಗೊತ್ತಿದೆ ಎಂಬುದನ್ನು ನಂಬುವ ಅಭ್ಯಾಸ ಅವನಿಗಿರಲಿಲ್ಲ. ಹಾಗಾಗಿ ಲ್ಯಾಬಿನ ಮುಖ್ಯಸ್ಥೆ ಲಾಹಿರಿ ಮೇಡಂ ನೋಡಲಿ ಎಂದು ಇವತ್ತು ಕರೆದುಕೊಂಡು ಹೊರಟಿದ್ದ.

ಶೋಭಾಬಜಾರಿನ ಹತ್ತಿರ ಅವನು ಬಾಟಲಿ ತೆಗೆದು ಅವಳತ್ತ ಹಿಡಿದ. ಅವಳ ತುಟಿ ಬಿಳಿಚಿಕೊಂಡು ಒಡೆದಿತ್ತು.

"ಒಂದು ಗುಟುಕು ಕುಡೀರಿ ಚಿಕ್ಕಮ್ಮ."

"ಇವತ್ತು ಏಕಾದಶಿ ಅಲ್ವಾ ಮಾರಾಯ. ಮರ್ತೇ ಹೋಯ್ತಾ ನಿಂಗೆ?"

"ಒಂದೇ ಗುಟುಕು."

"ಗುಟುಕಿನ ಏಕಾದಶಿ ಅಂತ ಬೇರೆ ಉಂಟಾ? ನೀ ಬೇಕಾದ್ರೆ ಕುಡಿ. ಡಮ್ ಡಮ್ ಸ್ಟೇಷನ್ನಿನ ಚಾದವ ನಿನ್ನ ಹೆಸರು ಹಿಡಿದು ಕರೀತಾನೆ, ನಂಗೆ ಗೊತ್ತಿಲ್ಲ ಅಂತ ಮಾಡಿದ್ದೀಯಾ?"

ಏಕಾದಶಿಯ ದಿನವೂ ಅವನು ಮಣ್ಣಿನ ಭಾಂಡ್‌ನಲ್ಲಿ ಚಹಾ ಕುಡಿದು, ಭಾಂಡ್ ಒಡೆದು ಬಿಸಾಕಿ, ಬಾಯಿ ಮುಕ್ಕಳಿಸಿ ಮನೆಗೆ ಬರುತ್ತಿದ್ದ. ಎಲ್ಲರಿಗೂ ಗೊತ್ತಿರುವ ಗುಟ್ಟನ್ನು ತಾನೊಬ್ಬನೇ ಕಾಯುತ್ತಿದ್ದೆನೇ ಎಂದು ನಾಚಿಕೆಯಾಗಿ, ಬಾಟಲಿಯ ಮುಚ್ಚಳವನ್ನು ಬಿಗಿ ಮಾಡುತ್ತ, ಇವತ್ತೇ ಯಾಕೆ ಇವಳಿಗೆ ಸಮಯ ಗೊತ್ತುಮಾಡಿದೆ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಸುಲಭವಾಗಿತ್ತು. ಏಕಾದಶಿ ಅವಳಿಗೆ ಬಿಡುವಿನ ದಿನ. ಪುರುಷೋತ್ತಮ ಚಿಕ್ಕಪ್ಪನ ಹೋಟೆಲು ಎಸ್‌ಪ್ಲನೇಡಿನಲ್ಲಿ, ಅವತ್ತು ಒಡಿಯಾ ಅಡುಗೆಯವರ ಕೈಯಲ್ಲಿ ನಡೆಯುತ್ತದೆ. ಮನೆಯವರು ಒಲೆ ಮುಟ್ಟುವುದಿಲ್ಲ, ಹೊರಗಿನ ಊಟದ ಆರ್ಡರು ಹಿಡಿಯುವುದಿಲ್ಲ. ಈ ಊರಲ್ಲಿ ಅಡುಗೆಯಿಂದ ಬದುಕುವ ತಮ್ಮವರ ಮನೆಗಳಲ್ಲೆಲ್ಲ ಹೆಂಗಸರಿಗೆ ಬಿಡುವು ಎಂದರೆ ಅದೊಂದೇ. ಆ ಕಾರಣಕ್ಕೇ ಹೋದ ವರ್ಷವೂ ಅವನು.

ಹೋದ ವರ್ಷವೂ.

ಗಾಡಿ ಸುರಂಗದೊಳಗೆ ತಿರುವಿನಲ್ಲಿ ಕಿರುಚಿತು. ಮುರಾರಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೋದ ಬೇಸಿಗೆಯಲ್ಲಿ ಮೇಡಮ್ಮಿಗೆ ಆರೋಗ್ಯವಂತರ ಕಣ್ಣುಗಳು ಬೇಕಾಗಿದ್ದವು. ರೋಗಿಗಳಿಗೆ ಬರವಿರಲಿಲ್ಲ, ಏನೂ ಆಗದ, ನಡುವಯಸ್ಸಿನ, ಸಕ್ಕರೆ ಕಾಯಿಲೆಯಿಲ್ಲದ ಜನ ಸುಮ್ಮನೆ ಬಂದು ಕಣ್ಣು ತೋರಿಸಿ ಹೋಗುವುದು ಕಷ್ಟವಾಗಿತ್ತು. ಕಣ್ಣಿನೊಳಗಿನ ಎಳೆಎಳೆಯಾದ ನಾಳಗಳಲ್ಲಿ ರಕ್ತ ಎಷ್ಟು ವೇಗದಲ್ಲಿ ಓಡುತ್ತದೆ ಎಂದು, ಸೂಜಿಯಿಲ್ಲದೆ, ಬರಿಯ ಬೆಳಕಿನಿಂದ ಅಳೆಯುವ ಮೆಷಿನ್ನು ಅದು. ಸರಿಯಾದ ವೇಗ ಯಾವುದು ಎಂದು ಮೊದಲು ಅದಕ್ಕೆ ಕಲಿಸಬೇಕಿತ್ತು. ಆಗ ಯಾರೂ ಕೇಳದೆ, ಎಂದೂ ಮುಂದೆ ಬಂದು ಮಾತಾಡದ ಮುರಾರಿ, 'ನಮ್ಮವರನ್ನು ಕರೆತರುತ್ತೇನೆ ಮೇಡಂ' ಅಂದಿದ್ದ. ಕರೆತಂದಿದ್ದ ಕೂಡ. ಚಿಕ್ಕಮ್ಮ, ಬ್ಯಾಂಕಿನ ರಮಾನಾಥರು, ಅವರ ಹೆಂಡತಿ ಸರೋಜಿನಿ, ಅವರಿವರ ಅತ್ತೆ ನಾದಿನಿ, ಎಲ್ಲರೂ ಒಗೆದ ಸೀರೆ ಪಂಚೆಗಳಲ್ಲಿ, ಸತ್ಯನಾರಾಯಣ ಪೂಜೆಗೆ ಬಂದವರ ಹಾಗೆ, ಲ್ಯಾಬಿನ ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು. ಒಂದು ಏಕಾದಶಿಗೆ ಒಂದಿಷ್ಟು ಜನ, ಮುಂದಿನದಕ್ಕೆ ಇನ್ನೊಂದಿಷ್ಟು. ಮೇಡಂ ಪ್ರೀತಿಯಿಂದ ಎಲ್ಲರ ಕೈಗೂ ಒಂದೊಂದು ಸಂದೇಶ್ ಮಿಠಾಯಿಯ ಪೊಟ್ಟಣ ಕೊಟ್ಟಿದ್ದರು. ಒಬ್ಬರೂ ಅಲ್ಲಿ ತೆರೆಯಲಿಲ್ಲ. ಎಲ್ಲವೂ ಮಾರನೆಯ ದಿನಕ್ಕೆಂದು ಕೈಚೀಲ ಸೇರಿದವು. 'ಎಷ್ಟು ಸಂಯಮದ ಜನ ನಿಮ್ಮವರು' ಎಂದು ಮೇಡಂ ಮೆಚ್ಚಿದ್ದರು. ಅವನು ಹೆಮ್ಮೆಯಿಂದ ನಿಂತಿದ್ದ. ಹಿಂದಿನ ರಾತ್ರಿಯಿಂದ ಒಂದು ಹನಿ ನೀರು ಮುಟ್ಟದ, ಸುಡುವ ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದ, ರಕ್ತ ಮಂದವಾಗಿ ನಾಳ ಬಿಗಿದುಕೊಂಡ ದೇಹಗಳು ಅವು ಎಂದು ಅವನಿಗೆ ಅನಿಸಿರಲೇ ಇಲ್ಲ. ಅನಿಸುವುದು ಹೇಗೆ? ಹುಟ್ಟಿದಂದಿನಿಂದ ಅವನು ಕಂಡ ಏಕಾದಶಿಯ ಮುಖಗಳೇ ಹಾಗೆ, ಒಣಗಿದ ತುಟಿ, ಮೆಲುದನಿ. ಅದು ಅವನಿಗೆ ಒಂದು ಸ್ಥಿತಿಯಾಗಿ ಕಂಡಿರಲಿಲ್ಲ, ಒಂದು ವಾರದ ಹೆಸರಿನ ಹಾಗೆ ಇತ್ತು. ಒಣಗಿದ ದೇಹಗಳ ಆ ನಿಧಾನವನ್ನೇ ಮೆಷಿನ್ನು ಆರೋಗ್ಯವೆಂದು ಕಲಿತಿತ್ತು. ಅದರೊಳಗೆ ಬಂದವರಿಗೆ ಪರದೆಯ ಮೇಲೆ ಹಸಿರು, ಅಂಚಿನವರಿಗೆ ಹಳದಿ, ಹೊರಗಿನವರಿಗೆ ಕೆಂಪು.

ಇದೆಲ್ಲ ನಿಜವೇ? ಅವನು ತನ್ನ ಮಾಮೂಲಿನ ಹಾಗೆ ಮೊದಲು ತನ್ನ ಮೇಲೇ ಸಂಶಯಪಟ್ಟ. ಹಗಲಿಡೀ ಚಿಕ್ಕಪ್ಪನ ಹೋಟೆಲಿನಲ್ಲಿ ಬಡಿಸಿ, ಸಂಜೆ ಕಾಲೇಜಿನ ಟ್ಯೂಬ್‌ಲೈಟಿನ ಕೆಳಗೆ, ಅಂಗಿಯಿಂದ ಸಾಂಬಾರಿನ ವಾಸನೆ ಬರುತ್ತದೆಯೇನೋ ಎಂದು ಕೊನೆಯ ಬೆಂಚಿನಲ್ಲಿ ಕೂತು ಕಲಿತ ವಿದ್ಯೆ ಅವನದು. ನೀರು ಕಡಿಮೆಯಾದರೆ ರಕ್ತ ದಪ್ಪವಾಗುತ್ತದೆ ಎಂದು ಅಲ್ಲಿ ಯಾರೋ ಬೋರ್ಡಿನ ಮೇಲೆ ಬರೆದದ್ದು ನೆನಪಿದೆ. ಆ ದಿನ ನಿದ್ದೆ ಬರುತ್ತಿದ್ದದ್ದೂ ನೆನಪಿದೆ. ಯಾವುದು ಪಾಠ, ಯಾವುದು ತೂಕಡಿಕೆಯ ಕನಸು? ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುವ ಆಕಾಶ್ ಅವನಿಗೆ 'ಸಂದೇಹ್‌ದಾ', ಸಂದೇಹದಣ್ಣ, ಎಂದು ಹೆಸರಿಟ್ಟಿದ್ದಾನೆ. ಒಮ್ಮೆ ಮಸೂರದ ಮೇಲೆ ಕಲೆಯಿದೆ ಎಂದು ಮುರಾರಿ ಇಡೀ ದಿನದ ಕೆಲಸ ನಿಲ್ಲಿಸಿ, ಕಂಪನಿಯವರನ್ನು ಕರೆಸಿ, ಅವರು ಬಿಚ್ಚಿ ನೋಡಿ ಏನೂ ಇಲ್ಲವೆಂದು ಹೇಳಿ ಹೋದ ಮೇಲೆ, ಆಕಾಶ್ ಬಂದು ಅವನ ಮೂಗಿನ ಮೇಲಿನ ಕನ್ನಡಕವನ್ನು ಮೆಲ್ಲಗೆ ತೆಗೆದು ಬೆಳಕಿಗೆ ಹಿಡಿದಿದ್ದ. ಕಲೆ ಅದರಲ್ಲಿತ್ತು. ಒಣಗಿದ ಹುಣಿಸೆ ರಸದ ಒಂದು ಚುಕ್ಕೆ. ಎಲ್ಲರೂ ನಕ್ಕಿದ್ದರು. ಲಾಹಿರಿ ಮೇಡಂ ಬೈಯಲಿಲ್ಲ, ಅವರು ಬೈಯುವವರಲ್ಲ. ಅಂದಿನಿಂದ ಅವನು ಏನಾದರೂ ಅನುಮಾನ ಹಿಡಿದು ಬಂದರೆ ನಗುತ್ತ ಕೇಳುತ್ತಾರೆ: 'ಕನ್ನಡಕ ಒರೆಸಿದೆಯಾ ಮುರಾರಿ?'

"ಯಾಕೆ ಹಾಗೆ ನೋಡ್ತೀ?" ಚಿಕ್ಕಮ್ಮ ಕೇಳಿದಳು.

"ಏನಿಲ್ಲ. ನಮ್ಮ ಸ್ಟೇಷನ್ ಬಂತು."

ಲ್ಯಾಬಿನ ಲಿಫ್ಟು ಕೆಟ್ಟಿತ್ತು. ಮೆಟ್ಟಿಲ ತಿರುವಿನಲ್ಲಿ ಚಿಕ್ಕಮ್ಮ ಗೋಡೆ ಹಿಡಿದು ನಿಂತು, ಉಸಿರು ತೆಗೆದುಕೊಂಡು, ಅವನು ಹಿಡಿಯಲು ಬಂದ ಕೈಯನ್ನು ಬದಿಗೆ ಸರಿಸಿ ಹತ್ತಿದಳು. ಲಾಹಿರಿ ಮೇಡಂ ಬಾಗಿಲಿಗೇ ಬಂದರು. ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ, ಸದಾ ಕೈಮಗ್ಗದ ಸೀರೆಯುಡುವ ಹೆಂಗಸು. "ಬನ್ನಿ ಮಾಶಿಮಾ," ಅಂದರು. "ನೀವು ನಮಗೆ ಹೊಸಬರಾ? ನಿಮ್ಮ ಕಣ್ಣು ನಮ್ಮ ಮೆಷಿನ್ನಿನೊಳಗೇ ಇದೆ." ಹಾಗಾದರೆ ಅದನ್ನು ವಾಪಸ್ಸು ಕೊಡಿ, ನನ್ನ ಹತ್ತಿರ ಇರುವುದು ಹಾಳಾಗ್ತಾ ಬಂತು ಎಂದು ಚಿಕ್ಕಮ್ಮ ತನ್ನ ಹೋಟೆಲು ಹಿಂದಿಯಲ್ಲಿ ಹೇಳಿದಳು. ಮೇಡಂ ನಕ್ಕರು, ಆಕಾಶ್ ನಕ್ಕ. ಮುರಾರಿ ಮೆಷಿನ್ನಿನ ಹೊದಿಕೆ ತೆಗೆದು ಮಡಿಸಿದ, ಬಿಚ್ಚಿ ಮತ್ತೆ ಮಡಿಸಿದ.

ಗದ್ದವನ್ನು ಇಲ್ಲಿಡಿ, ಹಣೆಯನ್ನು ಪಟ್ಟಿಗೆ ತಾಗಿಸಿ, ರೆಪ್ಪೆ ಬಡಿಯಬೇಡಿ. ದಿನವೂ ಅಪರಿಚಿತರಿಗೆ ಹೇಳುವ ಈ ಮಾತುಗಳನ್ನು ಚಿಕ್ಕಮ್ಮನಿಗೆ ಹೇಳುವಾಗ ಅವನ ದನಿ ತೊದಲಿತು. ಅವನು ಹತ್ತು ದಾಟದ ಹುಡುಗನಾಗಿ, ತಾಯಿಯನ್ನು ಕಳೆದುಕೊಂಡು, ಉಡುಪಿಯಿಂದ ಈ ಮನೆಗೆ ಬಂದಾಗ, ಊಟಕ್ಕೆ ಕೂರಿಸಿ ಅವಳು ಅವನಿಗೆ ಹೀಗೇ ಒಂದೊಂದನ್ನೂ ಹೇಳಿಕೊಟ್ಟಿದ್ದಳು. ಕಾಲು ಹೀಗೆ ಮಡಿಸು. ಅಂಗೈ ಹೀಗೆ ಗುಳಿ ಮಾಡು, ನಾನು ನೀರು ಹೊಯ್ತೇನೆ, ಮಂತ್ರ ಬಾರದಿದ್ದರೆ ಗೋವಿಂದ ಅನ್ನು, ಕುಡಿ. ಇನ್ನು ಎಲೆಯಿಂದ ಏಳುವ ತನಕ ಮಾತಿಲ್ಲ. ಆಪೋಶನ ತಗೊಂಡ ಮೇಲೆ ಮಾತಾಡಿದರೆ ಚಿಕ್ಕಪ್ಪನಿಗೆ ಆಗುವುದಿಲ್ಲ. ಒಮ್ಮೆ ಅವನು ತಡೆಯಲಾರದೆ, ಸಾರಿನಲ್ಲಿ ಜಿರಳೆ ಬಿದ್ದಿದೆ ಎಂದು ಊಟದ ನಡುವೆ ಹೇಳಿದ್ದ. ಚಿಕ್ಕಪ್ಪ ಎಡಗೈಯಿಂದ ತಲೆಗೆ ಹೊಡೆದಿದ್ದರು. ಜಿರಳೆ ಇರಲಿಲ್ಲ, ಕರಿಬೇವಿನ ಸುಟ್ಟ ಎಲೆ. ಅಲ್ಲಿಂದಲೇ ಶುರುವಾಯಿತೇನೋ ಇದೆಲ್ಲ ಎಂದು ಅವನಿಗೆ ಕೆಲವೊಮ್ಮೆ ಅನಿಸುತ್ತದೆ. ಪರದೆಯ ಮೇಲೆ ಅವಳ ಬಲಗಣ್ಣಿನ ಒಳಗು ಕಿತ್ತಳೆ ಬಣ್ಣದಲ್ಲಿ ಅರಳಿತು. ಒಂದೇ ಬಿಂದುವಿನಿಂದ ಹೊರಟು ಕವಲೊಡೆದ ನಾಳಗಳು. ಅವಳ ಪಾದಗಳಿಗಿಂತ ಹೆಚ್ಚಾಗಿ ಈ ಚಿತ್ರ ಅವನಿಗೆ ಪರಿಚಿತ; ಎಷ್ಟು ಸಲ ಇದನ್ನು ಎದುರಿಗಿಟ್ಟುಕೊಂಡು ಗೆರೆ ಎಳೆದಿದ್ದ. ರಕ್ತ ಹಿಂದಿರುಗುವ ನಾಳ, ಹೋದ ವರ್ಷ ನೆಟ್ಟಗಿದ್ದದ್ದು, ಈಗ ಕಪ್ಪಗೆ, ಉಬ್ಬಿ, ಅಲ್ಲಲ್ಲಿ ಹಾವಿನ ಹಾಗೆ ಬಳುಕಿತ್ತು. ನಾಳ ಎಲ್ಲೂ ಒಡೆದಿರಲಿಲ್ಲ. ಇನ್ನೂ ಒಡೆದಿರಲಿಲ್ಲ. ಮೆಷಿನ್ನು ಗುಂಯ್ಗುಟ್ಟಿ ವೇಗ ಅಳೆಯಿತು. ಮೂಲೆಯಲ್ಲಿ ಹಸಿರು ಬಂತು.

ಮೇಡಂ ಬಗ್ಗಿ ಬಹಳ ಹೊತ್ತು ನೋಡಿದರು. "ಇದು ಸ್ವಲ್ಪ ತುಂಬಿಕೊಂಡ ಹಾಗಿದೆ ಅಲ್ಲವಾ," ಎಂದು ಆಕಾಶನಿಗೆ ತೋರಿಸಿದರು. ಮುರಾರಿ ಮುಂದಕ್ಕೆ ಬಗ್ಗಿದ. ಹೌದು ಮೇಡಂ, ಹಾಗೇ ಹೇಳಿ, ಇನ್ನೂ ಹೇಳಿ. ಆಕಾಶ್ ಪರದೆಯ ಮೂಲೆಯನ್ನು ಬೆರಳಿನಿಂದ ತಟ್ಟಿದ. "ರಕ್ತದ ಓಟ ನಾರ್ಮಲ್ ಇದೆಯಲ್ಲ. ಇವರ ಕಡೆಯವರದೆಲ್ಲ ಸ್ವಲ್ಪ ನಿಧಾನವೇ. ನಮ್ಮ ಮುರಾರಿದಾನ ಹಾಗೆ." ಮೇಡಂ ಮುಗುಳ್ನಕ್ಕು ಹಿಂದೆ ಸರಿದರು. ಮೊದಲಾಗಿದ್ದರೆ ಬಣ್ಣದ ಚುಚ್ಚುಮದ್ದು ಹಾಕಿ ನೋಡೋಣ ಅನ್ನುತ್ತಿದ್ದೆ, ಈಗ ಅದು ಬೇಡ, ಇದಕ್ಕಾಗಿಯೇ ಅಲ್ಲವೇ ಇಷ್ಟು ದಿನ ದುಡಿದದ್ದು, ಅಂದರು.

ಅವಳ ಕಣ್ಣನ್ನು ಅವಳದೇ ಕಣ್ಣಿನಿಂದ ಅಳೆದಿದ್ದರು.

"ಮೇಡಂ," ಮುರಾರಿ ಅಂದ. "ಇವರು ಇವತ್ತು ನೀರು ಕುಡಿದಿಲ್ಲ. ನಿನ್ನೆ ರಾತ್ರಿಯಿಂದ."

"ಈ ಸೆಖೆಯಲ್ಲಾ? ಕೊಡು ಮತ್ತೆ, ನಿಂತು ನೋಡುತ್ತೀಯಲ್ಲ."

"ಇವತ್ತು ಏಕಾದಶಿ. ಅವರು ಕುಡಿಯುವುದಿಲ್ಲ."

ಮೇಡಂ ಚಿಕ್ಕಮ್ಮನ ಕಡೆ, ಅವಳ ಕರಿಮಣಿ, ಕುಂಕುಮದ ಕಡೆ ನೋಡಿದರು. ಅವರ ಮುಖದಲ್ಲಿ ನಿಜವಾದ ಗಲಿಬಿಲಿ. "ನನ್ನ ಠಾಕುಮಾ, ಅಪ್ಪನ ಅಮ್ಮ, ಮಾಡುತ್ತಿದ್ದಳು ನಿರ್ಜಲ ಏಕಾದಶಿ. ನಾನು ಚಿಕ್ಕವಳಿದ್ದಾಗ ಬಾಗಿಲ ಹಿಂದೆ ನಿಂತು ನೋಡಿದ್ದೇನೆ, ನೀರು ನೀರು ಅಂತ ನೆಲಕ್ಕೆ ಕೆನ್ನೆ ಒತ್ತಿ ಮಲಗಿರುತ್ತಿದ್ದಳು. ಆದರೆ ಅವಳು ವಿಧವೆ. ಮಾಶಿಮಾ, ನಿಮ್ಮ ಯಜಮಾನರು ಇದ್ದಾರಲ್ಲ?"

ಅವರು ಕನಿಕರದಿಂದ ಕೇಳಿದ್ದು. ಆ ಉದ್ದ ಮಾತಿನಲ್ಲಿ ವಿಧವೆ ಎಂಬ ಒಂದು ಪದ ಮಾತ್ರ ಚಿಕ್ಕಮ್ಮನಿಗೆ ಅರ್ಥವಾಗುವಷ್ಟು ಸ್ಪಷ್ಟವಾಗಿತ್ತು. ಅವಳ ಕೈ ಕರಿಮಣಿಗೆ ಹೋಯಿತು. ಗದ್ದದ ಪಟ್ಟಿಯ ಕೆಂಪು ಗುರುತು ಇನ್ನೂ ಇದ್ದ ಆ ಮುಖ, ಬಂದಾಗಿನ ನಗೆಯನ್ನೆಲ್ಲ ಒಳಗೆಳೆದುಕೊಂಡು ಮುಚ್ಚಿತು. "ಎಂತಹ ಮಾತಾಡ್ತಾರೆ ಇವರು," ಎಂದು ಮುರಾರಿಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ ಅಂದಳು. "ನಡಿ ಹೋಗುವ." ಮೇಡಂ ಏನಾಯಿತೆಂದು ಅವನ ಮುಖ ನೋಡಿದರು. ಹೋದ ವರ್ಷ ಬಂದವರೂ ಹೀಗೇ ಇದ್ದರು ಮೇಡಂ, ಎಲ್ಲರೂ. ಹೇಳಬೇಕಾದದ್ದು ಇಷ್ಟೇ. ನಾಲಿಗೆಯ ತುದಿಯಲ್ಲಿತ್ತು. ಆದರೆ ಈಗ ಇನ್ನೊಮ್ಮೆ ಏಕಾದಶಿ ಎಂದರೆ ಚಿಕ್ಕಮ್ಮನನ್ನು ಈ ಜನರ ನಡುವೆ ಮತ್ತೊಮ್ಮೆ ಮುತ್ತೈದೆತನದ ಲೆಕ್ಕ ಒಪ್ಪಿಸಲು ನಿಲ್ಲಿಸಿದ ಹಾಗಾಗುತ್ತಿತ್ತು. ಆಕಾಶ್ ಗಡಿಯಾರ ನೋಡುತ್ತಿದ್ದ. "ಮೂರು ತಿಂಗಳ ಮೇಲೆ ಬನ್ನಿ ಮಾಶಿಮಾ, ಹೆದರುವಂಥದ್ದೇನಿಲ್ಲ," ಅಂದರು ಮೇಡಂ. ಮುರಾರಿ ಅದನ್ನು ಕನ್ನಡ ಮಾಡಿ ಹೇಳಿದ. ಒಂದಕ್ಷರ ಬಿಡದೆ, ಸರಿಯಾಗಿ.

ಚಿಕ್ಕಪ್ಪನ ಜೊತೆ ಮನೆಗೆ ಹೋಗಲಿ ಎಂದು ಅವಳನ್ನು ಹೋಟೆಲಿಗೆ ಬಿಟ್ಟು ಬರಲು ಎಸ್‌ಪ್ಲನೇಡಿನವರೆಗೆ ನಡೆದೇ ಹೋದರು. ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಫುಟ್‌ಪಾತಿನಲ್ಲಿ ನಿಂಬೆ ಶರಬತ್ತಿನವನು ಗಾಜಿನ ಲೋಟದಲ್ಲಿ ಚಮಚ ಕಿಣಿಕಿಣಿ ಆಡಿಸುತ್ತಿದ್ದ. ಚಿಕ್ಕಮ್ಮ ಆ ಸದ್ದಿನ ಕಡೆಗೆ ತಿರುಗಲಿಲ್ಲ.

"ಅಲ್ಲ, ನಿನ್ನತ್ರ ಏಕಾದಶಿ ಸುದ್ದಿ ಯಾರು ಕೇಳಿದ್ರು? ಬೇಕಿತ್ತಾ ನಿಂಗೆ?"

"ನೀರು ಕುಡಿಯದಿದ್ರೆ ಟೆಸ್ಟ್ ತಪ್ಪಾಗ್ತದೋ ಅಂತ."

"ತಪ್ಪಾಗ್ಲಿಲ್ಲ ಅಲ್ವಾ? ಹಸಿರು ಬಂತಲ್ಲ?"

ಅವನು ಅವಳನ್ನು ನೋಡಿದ. ಅವಳ ಮುಖದಲ್ಲಿ ಸಿಟ್ಟಿನ ಕೆಳಗೆ, ಬೆಳಿಗ್ಗೆಯಿಂದ ಇಲ್ಲದ ಒಂದು ಹಗುರು ಬಂದಿತ್ತು. ಎಷ್ಟು ಹೆದರಿದ್ದಳು ಎಂದು ಅವನಿಗೆ ಆಗ ತಿಳಿಯಿತು. ಕಣ್ಣು ಹೋದರೆ ಸಾರಿನ ಬಣ್ಣ ನೋಡಿ ಹುಳಿ ಹೇಳುವ ಅವಳ ಕೆಲಸ ಹೋಗುತ್ತದೆ, ಚಿಕ್ಕಪ್ಪನ ಮಾತು ಕೇಳಿಕೊಂಡು ಮೂಲೆಯಲ್ಲಿ ಕೂರುವ ದಿನ ಬರುತ್ತದೆ ಎಂದು ಅವಳು ಒಳಗೊಳಗೇ ನಡುಗಿರಬೇಕು. ಈಗ ಬೇಡ, ಅವನು ಅಂದುಕೊಂಡ, ಮೇಡಮ್ಮಿಗೆ ಹೇಳಿ ಖಚಿತ ಮಾಡಿಕೊಂಡು ಆಮೇಲೆ. ಹೋಟೆಲು ಮುಟ್ಟುವ ತನಕ ಕಾಯದೆ ಅವಳು ಅವನ ಫೋನಿನಿಂದಲೇ ಚಿಕ್ಕಪ್ಪನಿಗೆ ಸುದ್ದಿ ಹೇಳಿದಳು. ಆ ಕಡೆಯ ದನಿ ಟ್ರಾಫಿಕ್ಕಿನ ನಡುವೆಯೂ ಕೇಳಿಸಿತು: "ಕಣ್ಣು ಪಾಸಾಯ್ತು. ಇನ್ನು ಮಂಡೆ ಒಂದು ಟೆಸ್ಟ್ ಮಾಡ್ಸಿಕೊಂಡು ಬಾ, ಅದು ಫೇಲ್ ಅಂತ ನಂಗೆ ಮೊದಲೇ ಗೊತ್ತು." ಅವಳು ನಕ್ಕು, ಸೆರಗಿನಿಂದ ಒಣಗಿದ ಬಾಯಿ ಒರೆಸಿಕೊಂಡಳು.

ಮಧ್ಯಾಹ್ನ ಆಕಾಶ್ ಊಟಕ್ಕೆ ಹೋದ ಹೊತ್ತು ನೋಡಿ ಮುರಾರಿ ಮೇಡಂ ಕೋಣೆಗೆ ಹೋದ. ಹೋಗುವ ಮೊದಲು ಬಚ್ಚಲಿನಲ್ಲಿ ಕನ್ನಡಕ ತೊಳೆದು ಅಂಗಿಯ ಅಂಚಿನಲ್ಲಿ ಒರೆಸಿದ. ಮೇಡಂ ಮುಂದಿನ ತಿಂಗಳು ಮೆಷಿನ್ನನ್ನು ಜಿಲ್ಲೆಗಳ ಶಿಬಿರಗಳಿಗೆ ಒಯ್ಯುವ ತಯಾರಿಯಲ್ಲಿದ್ದರು. ಬಾಂಕುಡಾ, ಪುರುಲಿಯಾ, ಕಣ್ಣಿನ ಡಾಕ್ಟರರೇ ಇಲ್ಲದ ಊರುಗಳು, ಹಸಿರು ಬಂದವರನ್ನು ಮನೆಗೆ ಕಳಿಸಿ ಕೆಂಪು ಬಂದವರನ್ನು ಮಾತ್ರ ಬಸ್ಸು ಹತ್ತಿಸುವ ಯೋಜನೆ. ಅದರ ಬಗ್ಗೆ ಅವರೇ ಅವನಿಗೆ ಸಂತೋಷದಿಂದ ಹೇಳತೊಡಗಿದರು. ಅವನು ನಿಂತೇ ಕೇಳಿದ. ಅವರು ನಿಲ್ಲಿಸಿದ ಮೇಲೆ ಹೇಳಿದ. ಈ ಸಲ ಪೂರ್ತಿ ಹೇಳಿದ: ಬಿಡುವಿನ ದಿನ, ನೀರು, ತೆರೆಯದ ಸಂದೇಶ್ ಪೊಟ್ಟಣ. ಹೇಳುತ್ತ ಹೇಳುತ್ತ ಅದು ಅವನಿಗೇ ಒಂದು ಕಟ್ಟುಕಥೆಯ ಹಾಗೆ, ಕರಿಬೇವಿನ ಎಲೆಯ ಹಾಗೆ ಕೇಳಿಸತೊಡಗಿತು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಕನ್ನಡಕ ಒರೆಸಿದೆಯಾ?" ಎಂದರು, ಆದರೆ ನಗಲಿಲ್ಲ.

"ಒರೆಸಿ ಬಂದೆ ಮೇಡಂ."

"ಒಂದು ರಾತ್ರಿ ನೀರು ಬಿಟ್ಟರೆ ದೇಹ ಸಂಭಾಳಿಸಿಕೊಳ್ಳುತ್ತದೆ ಮುರಾರಿ. ಈ ಊರಿನ ವೈಶಾಖದಲ್ಲಿ ಬಸ್ಸಿಳಿದು ಬರುವ ಪ್ರತಿಯೊಬ್ಬನೂ ಒಣಗಿಯೇ ಬರುತ್ತಾನೆ. ವ್ಯತ್ಯಾಸ ಬಂದರೂ ಎಷ್ಟು ಬರಬಹುದು?" ಅವರು ತಮಗೇ ಹೇಳಿಕೊಳ್ಳುವಂತಿತ್ತು. ಕಿಟಕಿಯ ಕಡೆ ನೋಡಿದರು. ಆ ಕಡೆ ನೋಡುತ್ತಿರುವಾಗ ಅವರ ಮುಖ ಒಂದು ಕ್ಷಣ ಮುದುಕಿಯದಾಗಿ ಕಂಡಿತು. ನೆಲಕ್ಕೆ ಕೆನ್ನೆ ಒತ್ತಿ ಮಲಗಿದ ಯಾರದೋ ಮುಖ. ಮತ್ತೆ ಅವನ ಕಡೆ ತಿರುಗಿದಾಗ ಅದು ಇರಲಿಲ್ಲ. "ಹಾಗಿದ್ದರೆ ಎಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ. ಮಾಡೋಣ, ಬೇಕಾದರೆ ಮಾಡೋಣ. ನಿನಗೆ ಖಚಿತವಾ?"

ಅದೊಂದು ಪ್ರಶ್ನೆಯನ್ನು ಅವರು ಕೇಳಬಾರದಿತ್ತು. ಬೀಗ ಹಾಕಿದ್ದು, ಗ್ಯಾಸ್ ಆರಿಸಿದ್ದು, ತನ್ನ ಹುಟ್ಟಿದ ದಿನ, ಅಮ್ಮನ ಮುಖ, ಯಾವುದರ ಬಗ್ಗೆಯೂ ಅವನಿಗೆ ಜೀವನದಲ್ಲಿ ಖಚಿತವೆಂದು ಹೇಳಲು ಆಗಿರಲಿಲ್ಲ. ಸುಳ್ಳು ಹೇಳಬಾರದು ಎಂಬುದೊಂದೇ ಅವನಿಗಿದ್ದ ಗಟ್ಟಿ ನೆಲ. ಅವನು ಆ ನೆಲದ ಮೇಲೆ ನಿಂತು ಪ್ರಾಮಾಣಿಕವಾಗಿ ಯೋಚಿಸಿದ. ರಮಾನಾಥರು ಬೆಳಿಗ್ಗೆ ಕಾಫಿ ಕುಡಿದು ಬಂದಿರಬಹುದು. ಅವರಿಗೆ ಆಫೀಸಿನ ಅಭ್ಯಾಸ. ಯಾರೋ ಒಬ್ಬರು ಹಾಲು ಕುಡಿದಿರಬಹುದು. ಅವನು ನೋಡಿರಲಿಲ್ಲವಲ್ಲ.

"ಖಚಿತ ಅಂತ ಅಲ್ಲ ಮೇಡಂ."

"ಅಂದರೆ?"

"ಇಲ್ಲ ಮೇಡಂ."

ಮೇಡಂ ಉಸಿರು ಬಿಟ್ಟರು. ಅದು ನಿರಾಳದ್ದೋ, ಅವನ ಬಗೆಗಿನ ಬೇಸರದ್ದೋ ತಿಳಿಯಲಿಲ್ಲ. ಅವನಿಗೆ ಗೊತ್ತಾದದ್ದು ತನ್ನದು ಮಾತ್ರ. ಮೊಣಕಾಲಿನಿಂದ ಕೆಳಗಿಳಿದ, ಬೆಚ್ಚಗಿನ, ಹೇಸಿಗೆಯ ನಿರಾಳ. ಅಳುಕಿನಿಂದ ಒದ್ದೆ ಮಾಡಿಕೊಂಡ ಹುಡುಗನಿಗೆ ಮೊದಲ ಕ್ಷಣದಲ್ಲಿ ಆಗುವಂಥದ್ದು. "ಚಿಕ್ಕಮ್ಮನನ್ನಾದರೂ ನೀರು ಕುಡಿಸಿ ನಾಳೆ ಒಮ್ಮೆ," ಎಂದು ಶುರು ಮಾಡಿ, ತನ್ನ ಮನೆಯವರಿಗೆಂದು ಲ್ಯಾಬಿನ ಹೊತ್ತು ಕೇಳುತ್ತಿದ್ದೇನೆ ಎಂದು ಮೇಡಂ ತಿಳಿದರೆ ಎಂದು ಅಳುಕಿ ನಿಲ್ಲಿಸಿದ. ಅವರು ಫೋನಿನಲ್ಲಿ ಏನೋ ನೋಡುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ. ಇನ್ನೊಮ್ಮೆ ಕೇಳಲು ಅವನು ಸ್ವಲ್ಪ ಹೊತ್ತು ನಿಂತ. ನಿಂತದ್ದು ಅಧಿಕವಾಯಿತು ಅನಿಸಿ ಹೊರಗೆ ಬಂದ. ಸಂಜೆ ಮನೆಗೆ ಹೋಗುವಾಗ ಡಮ್ ಡಮ್ ಸ್ಟೇಷನ್ನಿನ ಚಹಾದವನು ಹೆಸರು ಹಿಡಿದು ಕರೆದ. ಅವನು ತಲೆ ತಗ್ಗಿಸಿ ದಾಟಿಹೋದ. ಅವತ್ತು ಅವನೂ ಏನೂ ಕುಡಿಯಲಿಲ್ಲ, ಯಾರಿಗೆ ಅದರಿಂದ ಏನು ಎಂದು ತಿಳಿಯದೆ.

ದ್ವಾದಶಿಯ ಬೆಳಿಗ್ಗೆ ಉಪವಾಸ ಮುರಿಯುವ ಪಾರಣೆ ಬೇಗ. ಪಕ್ಕದ ಫ್ಲ್ಯಾಟಿನವರ ಅಲಾರಾಂ ಹೊಡೆಯುವ ಮೊದಲೇ ಅಡುಗೆಮನೆಯಿಂದ ಸಾರಿನ ವಾಸನೆ, ಅಗಸೆ ಸೊಪ್ಪಿನ ಪಲ್ಯದ ವಾಸನೆ ಬರುತ್ತಿತ್ತು. ಮುರಾರಿ ಮಿಂದು ಬಂದಾಗ ಚಿಕ್ಕಪ್ಪ ಪೂಜೆ ಮುಗಿಸಿ ಮಣೆಯ ಮೇಲೆ ಕೂತಿದ್ದರು, ಅವರ ಪಕ್ಕದಲ್ಲಿ ಅವನ ಎಲೆ. ಶ್ರಾವ್ಯ ಚಾದರ ಹೊದ್ದುಕೊಂಡೇ ಬಾಗಿಲಿಗೆ ಒರಗಿ, "ಮೇರಾ ವಾಲಾ ಊಟ ಆಮೇಲೆ ಅಮ್ಮ, ನಂಗೆ ಇಷ್ಟು ಬೇಗ ರೈಸ್ ಇಳಿಯಲ್ಲ," ಎಂದು ಹೇಳಿ ಮತ್ತೆ ಮಲಗಲು ಹೋದಳು. ಚಿಕ್ಕಮ್ಮ ಬಡಿಸಿದಳು. ಗಂಡಸರು ಕೂತು ಆಪೋಶನ ತೆಗೆದುಕೊಂಡ ಮೇಲೆಯೇ ಅವಳು ಮೊದಲ ನೀರು ಬಾಯಿಗೆ ಹಾಕುವುದು. ಅವಳು ಎಂದಿಗಿಂತ ಮೆಲ್ಲಗೆ ನಡೆಯುತ್ತಿದ್ದಳು. ಪಲ್ಯ ಎಲೆಯ ಅಂಚಿಗೆ ಬಿತ್ತು, ಅವಳು ಬೆರಳಿನಿಂದ ಒಳಗೆ ದೂಡಿದಳು.

"ಚಿಕ್ಕಮ್ಮ, ಕಣ್ಣು ಹೇಗುಂಟು?"

"ಬೆಳಿಗ್ಗೆಯಿಂದ ಸ್ವಲ್ಪ ಕತ್ತಲೆ ಕತ್ತಲೆ. ಹಾಗೇ ಇರ್ತದೆ, ಹೋಗ್ತದೆ."

"ಹೋಯ್ತಾ?"

"ಹೋಗ್ಲಿಲ್ಲ ಇನ್ನೂ." ಅವಳು ನೀರಿನ ತಂಬಿಗೆ ಎತ್ತಿಕೊಂಡಳು. "ನಿನ್ನೆ ಮೆಷಿನ್ನೇ ಹಸಿರು ಹೇಳ್ತಲ್ಲ ಮಾರಾಯ. ನೀನು ನನ್ನನ್ನು ಹೆದರಿಸ್ಬೇಡ."

"ಕಣ್ಣು ಪಾಸಾಗಿ ಬಂದವಳು ಅವಳು," ಅಂದರು ಚಿಕ್ಕಪ್ಪ, ಅಂಗೈ ಗುಳಿ ಮಾಡಿ ಮುಂದೆ ಚಾಚುತ್ತ. ಅವಳು ಬಗ್ಗಿ ನೀರು ಹೊಯ್ದಳು. ನೀರು ಅವರ ಅಂಗೈ ಬಿಟ್ಟು ಮಣಿಕಟ್ಟಿನ ಆಚೆ, ನೆಲದ ಮೇಲೆ ಬಿತ್ತು. "ಎಲ್ಲಿ ಹೊಯ್ತೀ?" ಎಂದು ಅವರು ಸಿಡುಕಿದರು. "ನೀವು ಕೈ ಸರಿಯಾಗಿ ಹಿಡೀರಿ," ಎಂದಳು ಅವಳು, ಮತ್ತೆ ಹೊಯ್ದಳು. ಈ ಸಲ ಅರ್ಧ ಅಂಗೈಗೆ ಬಿತ್ತು. ಅವರು ಅಷ್ಟನ್ನೇ ಮಂತ್ರ ಹೇ‍ಳಿ ಕುಡಿದು, ಬಾಯಿ ಮುಚ್ಚಿ, ಅನ್ನಕ್ಕೆ ಕೈ ಹಾಕಿದರು.

ಅವಳು ಮುರಾರಿಯ ಎದುರಿಗೆ ಬಂದಳು. ಅವನು ಅಂಗೈ ಚಾಚಿದ. ಅವಳ ಬಲಗಣ್ಣು ಅವನನ್ನೇ ನೋಡುತ್ತಿತ್ತು, ಹೊರಗಿನಿಂದ ಏನೂ ಗೊತ್ತಾಗದ ಹಾಗೆ, ಶುಭ್ರವಾಗಿ. ಅದರ ಹಿಂದೆ ಪರದೆಯ ಮೇಲೆ ಕಂಡ ಆ ಕಪ್ಪು ನಾಳ, ಈಗ ಒಡೆದು, ಕಿತ್ತಳೆಯ ತುಂಬ ಕೆಂಪು ಚೆಲ್ಲಿಕೊಂಡಿರುವುದು ಅವನಿಗೆ ಕಂಡಿತು. ಖಚಿತವಾಗಿ ಕಂಡಿತು. ಎರಡನೆಯ ಸಲ ನೋಡಬೇಕು ಅನಿಸಲಿಲ್ಲ. ಈಗ ಹೇಳಿದರೆ ಈ ಎಲೆಯಿಂದಲೇ ಎದ್ದು ಅವಳನ್ನು ಕರೆದುಕೊಂಡು ಹೋಗಬೇಕು, ಮೆಷಿನ್ನು ತಪ್ಪು ಎನ್ನಬೇಕು, ಮೆಷಿನ್ನಿಗೆ ತಪ್ಪು ಕಲಿಸಿದ್ದು ಯಾರು ಎಂದು ಹೇಳಬೇಕು. ತಂಬಿಗೆ ಬಾಗಿತು. ನೀರಿನ ಎಳೆ ಅವನ ಅಂಗೈಗಿಂತ ಆಚೆ, ಅವಳಿಗೆ ಅವನ ಕೈ ಇದೆ ಎಂದು ಕಂಡಲ್ಲಿ ಇಳಿಯತೊಡಗಿತು.

ಮುರಾರಿ ಕೈ ಸರಿಸಿ ಅದರ ಕೆಳಗಿಟ್ಟ.

ಅಂಗೈ ತುಂಬಿತು, ಒಂದು ಹನಿಯೂ ಚೆಲ್ಲಲಿಲ್ಲ. "ನೋಡಿ, ಇವನಿಗೆ ಸರಿಯಾಗಿ ಬಿತ್ತು," ಎಂದಳು ಚಿಕ್ಕಮ್ಮ ಗಂಡನಿಗೆ. ಅವನು ಗೋವಿಂದ ಎಂದು ಕುಡಿದ. ಇನ್ನು ಎಲೆಯಿಂದ ಏಳುವ ತನಕ ಮಾತಿಲ್ಲ.